ಗಣಿ ದಿಬ್ಬದ ಅಣಬೆ ಅಡಿಗೆಗೆ ಬೇಡ

ಗುಡುಗಿನ ಮಳೆ ಬಿದ್ದ ಮರುದಿನ ಅಣಬೆ ಹುಡುಕಲು ಹೊರಡುವುದು ನಮ್ಮ ಹಳ್ಳಿಗಳ ಹಳೆಯ ರೂಢಿ. ವಿಷದ ಅಣಬೆ ಯಾವುದು, ತಿನ್ನುವ ಅಣಬೆ ಯಾವುದು ಎಂದು ಬಲ್ಲ ಹಿರಿಯರೂ ಇದ್ದಾರೆ. ಆದರೆ ಒಳ್ಳೆಯ ಜಾತಿಯ ಅಣಬೆಯೂ ಕೆಟ್ಟ ನೆಲದಲ್ಲಿ ಬೆಳೆದರೆ ಅಪಾಯಕಾರಿ ಎಂಬುದನ್ನು ರೈತ ಬಾಂಧವರು ಗಮನಿಸಬೇಕು.

ಅಣಬೆಯ ಬೇರಿನಂಥ ಎಳೆಗಳು ಮಣ್ಣಿನೊಳಗೆ ಹರಡಿ, ನೀರು ಮತ್ತು ಸಾರದ ಜೊತೆಗೆ ಪಾದರಸ, ಕ್ಯಾಡ್ಮಿಯಂನಂಥ ಲೋಹಗಳನ್ನೂ ಹೀರುತ್ತವೆ. ಯುರೋಪಿನ ಸ್ಲೊವೇನಿಯಾ ದೇಶದ ಇದ್ರಿಯಾದಲ್ಲಿ ಸುಮಾರು 500 ವರ್ಷ ಪಾದರಸದ ಗಣಿ ನಡೆಯಿತು. ಅದಿರು ಕಾಸಿದ ಹೊಗೆಯಿಂದ ಸುತ್ತಲ ಮಣ್ಣಿಗೆ ಪಾದರಸ ಸೇರಿತು. ಅಲ್ಲಿನ ಕಾಡಣಬೆಗಳಲ್ಲಿ ಅದರ ಅಂಶ ಬೇರೆಡೆಗಿಂತ ಬಹಳ ಹೆಚ್ಚೆಂದು ಪರೀಕ್ಷೆಯಿಂದ ಕಂಡುಬಂದಿದೆ.

ಇಂಥ ಅಣಬೆಯ ಬಣ್ಣ, ವಾಸನೆ, ರುಚಿಯಿಂದ ಏನೂ ತಿಳಿಯದು. ತೊಳೆದರೆ ಮೇಲಿನ ಧೂಳು ಹೋದೀತು, ಒಳಗಿನ ಲೋಹ ಹೋಗದು, ಬೇಯಿಸಿದರೂ ನಾಶವಾಗದು. ಹಸಿ ಅಣಬೆಯಲ್ಲಿ 100ಕ್ಕೆ ಸುಮಾರು 90 ಪಾಲು ನೀರು. ಒಣಗಿಸಿದರೆ ನೀರು ಹೋಗಿ ಲೋಹ ಉಳಿಯುತ್ತದೆ; ಆದ್ದರಿಂದ ಅದೇ ತೂಕದ ಒಣ ಅಣಬೆಯಲ್ಲಿ ಲೋಹ ಇನ್ನೂ ಹೆಚ್ಚು. ತಿಂದ ಕೂಡಲೇ ವಾಂತಿ ಭೇದಿ ಆಗದಿರಬಹುದು. ಆದರೆ ಕ್ಯಾಡ್ಮಿಯಂ ವರ್ಷಗಟ್ಟಲೆ ಮೂತ್ರಪಿಂಡದಲ್ಲಿ ಸೇರುತ್ತಾ ಹೋಗುತ್ತದೆ. ಪಾದರಸ ನರಗಳನ್ನು ಕೆಡಿಸುತ್ತದೆ. ಗರ್ಭಿಣಿಯರು, ಮಕ್ಕಳಿಗೆ ಅಪಾಯ ಹೆಚ್ಚು.

ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಅದಿರು ಪುಡಿಯ ದಿಬ್ಬಗಳು ಉಳಿದಿವೆ. ಎಲ್ಲಿಯೇ ಆಗಲಿ, ಇಂಥ ದಿಬ್ಬಗಳ ಮೇಲೆ, ಅಲ್ಲಿಂದ ಮಳೆನೀರು ಇಳಿಯುವ ಹಳ್ಳದ ದಂಡೆಯಲ್ಲಿ, ಅದಿರು ಕಾಸುವ ಕಾರ್ಖಾನೆಗಳ ಸುತ್ತ ಅಣಬೆ ಕೀಳಬೇಡಿ. ಅಣಬೆಯ ಆಸೆಯಿದ್ದವರು ಗಣಿಯಿಂದ ದೂರದ ಗದ್ದೆಯ ಭತ್ತದ ಹುಲ್ಲು ತಂದು ಮನೆಯಲ್ಲೇ ಚಿಪ್ಪು ಅಣಬೆ ಬೆಳೆಯುವುದು ಲೇಸು.