ಬಿಎ ಮಾಡಲು ಅಮೆರಿಕಕ್ಕೆ ಯಾಕೆ? ಸಣ್ಣ ‘ಲಿಬರಲ್ ಆರ್ಟ್ಸ್’ ಕಾಲೇಜುಗಳ ಒಳಗಿನ ಕಥೆ

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಮನೆಗಳಲ್ಲಿ ‘ಮಕ್ಕಳನ್ನು ಹೊರದೇಶದಲ್ಲಿ ಓದಿಸಬೇಕು’ ಎಂಬ ಮಾತು ಬಂದರೆ ಹೆಚ್ಚಾಗಿ ಎರಡೇ ದಾರಿ ನೆನಪಾಗುತ್ತದೆ. ಒಂದು ಎಂಬಿಬಿಎಸ್, ಇನ್ನೊಂದು ಊರಲ್ಲೇ ಪದವಿ ಮುಗಿಸಿ ಮಾಸ್ಟರ್ಸ್‌ಗೆ ಹೋಗುವುದು. ಪ್ಲಸ್ ಟು ಮುಗಿದ ಕೂಡಲೇ ಅಮೆರಿಕದ ಯಾವುದೋ ಪುಟ್ಟ ಪಟ್ಟಣದ, ಹೆಸರೇ ಕೇಳದ ಕಾಲೇಜಿಗೆ ಬಿಎ ಮಾಡಲು ಹೋಗುತ್ತೇನೆ ಅಂದರೆ ಮನೆಯವರು ನಕ್ಕುಬಿಡುತ್ತಾರೆ. ‘ಬಿಎ ಮಾಡ್ಲಿಕ್ಕೆ ಅಷ್ಟು ದೂರ ಯಾಕೆ? ಇಲ್ಲೇ ಕಾಲೇಜಿಲ್ವಾ?’

ಪ್ರಶ್ನೆ ನ್ಯಾಯವಾದದ್ದೇ. ಆ ಕಾಲೇಜುಗಳಲ್ಲಿ ನಾಲ್ಕು ವರ್ಷ ಏನು ನಡೆಯುತ್ತದೆ, ಖರ್ಚು ಎಷ್ಟು, ಯಾವ ಮಕ್ಕಳಿಗೆ ಅದು ಹೊಂದುತ್ತದೆ ಎಂಬುದು ತಿಳಿಯದೆ ಉತ್ತರ ಹೇಳಲಿಕ್ಕಾಗದು. ಏಜೆಂಟರ ಮಾತು ನಂಬಿ ಜಾಗ ಅಡವಿಟ್ಟ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿದರೆ ಒಳ್ಳೆಯದು.

‘ಆರ್ಟ್ಸ್’ ಅಂದರೆ ಕಲಾ ವಿಭಾಗ ಅಲ್ಲ

ಮೊದಲ ಗೊಂದಲ ಹೆಸರಿನದ್ದೇ. ‘ಲಿಬರಲ್ ಆರ್ಟ್ಸ್’ ಎಂಬುದು ಹಳೆಯ ಲ್ಯಾಟಿನ್ ಪದದಿಂದ ಬಂದದ್ದು. ಸ್ವತಂತ್ರ ಮನುಷ್ಯನಿಗೆ ಬೇಕಾದ ವಿದ್ಯೆಗಳು ಎಂಬುದು ಅದರ ಅರ್ಥ. ಯುರೋಪಿನಲ್ಲಿ ಮಧ್ಯಯುಗದ ಹೊತ್ತಿಗೆ ಇಂತಹ ಏಳು ವಿದ್ಯೆಗಳನ್ನು ಹೆಸರಿಸಿದ್ದರು: ವ್ಯಾಕರಣ, ತರ್ಕ, ಭಾಷಣಕಲೆ, ಅಂಕಗಣಿತ, ರೇಖಾಗಣಿತ, ಸಂಗೀತ ಮತ್ತು ಖಗೋಳಶಾಸ್ತ್ರ. ಅಂದರೆ ಗಣಿತ, ವಿಜ್ಞಾನ ಆಗಲೇ ಅದರೊಳಗಿತ್ತು. ಇವತ್ತು ಈ ಕಾಲೇಜುಗಳಲ್ಲಿ ಭೌತಶಾಸ್ತ್ರ, ಜೀವಶಾಸ್ತ್ರ, ಕಂಪ್ಯೂಟರ್, ಅರ್ಥಶಾಸ್ತ್ರ ಎಲ್ಲವೂ ಇದೆ. ಹಲವು ಕಡೆ ಗಣಿತ ಓದಿದವರಿಗೂ ಸಿಗುವುದು ಬಿಎ ಪದವಿಯೇ.

ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ (1793) ಮತ್ತು ಅಮ್ಹರ್ಸ್ಟ್ (1821), ಪೆನ್ಸಿಲ್ವೇನಿಯಾದ ಹಾವರ್‌ಫರ್ಡ್ (1833) ಮತ್ತು ಸ್ವಾರ್ತ್‌ಮೋರ್ (1864), ಅಯೋವಾದ ಗ್ರಿನೆಲ್ (1846) ಇವೆಲ್ಲ ಈ ಗುಂಪಿನ ಹಳೆಯ ಹೆಸರುಗಳು. ಇಡೀ ಕಾಲೇಜಿನಲ್ಲಿ ಇರುವುದು ಒಂದೂವರೆ ಸಾವಿರದಿಂದ ಎರಡು ಸಾವಿರದ ಆಸುಪಾಸು ವಿದ್ಯಾರ್ಥಿಗಳು. ಏಳರಿಂದ ಒಂಬತ್ತು ಮಕ್ಕಳಿಗೆ ಒಬ್ಬ ಅಧ್ಯಾಪಕ ಎಂಬ ಲೆಕ್ಕ. ಹೆಚ್ಚಿನ ತರಗತಿಗಳಲ್ಲಿ ಇಪ್ಪತ್ತು ಜನವೂ ಇರುವುದಿಲ್ಲ.

ಹಿಂದಿನ ಬೆಂಚೇ ಇಲ್ಲ

ಇಪ್ಪತ್ತು ಜನರ ತರಗತಿಯಲ್ಲಿ ಅಡಗಿ ಕೂರಲು ಜಾಗವಿಲ್ಲ. ಮೇಜಿನ ಸುತ್ತ ಕೂತು ಮಾತಾಡಬೇಕು. ಓದಿಕೊಂಡು ಬಾರದಿದ್ದರೆ ಐದು ನಿಮಿಷದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಹಲವು ತರಗತಿಗಳಲ್ಲಿ ಚರ್ಚೆಯಲ್ಲಿ ಪಾಲ್ಗೊಂಡದ್ದಕ್ಕೂ ಅಂಕ ಇದೆ.

ವಿಲಿಯಮ್ಸ್ ಕಾಲೇಜಿನ ‘ಟ್ಯುಟೋರಿಯಲ್’ ಇದರ ತುತ್ತತುದಿ. ಅಲ್ಲಿ ಒಬ್ಬ ಅಧ್ಯಾಪಕನ ಎದುರು ಇಬ್ಬರೇ ವಿದ್ಯಾರ್ಥಿಗಳು. ಒಂದು ವಾರ ಒಬ್ಬ ಐದಾರು ಪುಟದ ಪ್ರಬಂಧ ಬರೆದು ತರುತ್ತಾನೆ, ಇನ್ನೊಬ್ಬಳು ಅದನ್ನು ಓದಿ ಎಲ್ಲಿ ವಾದ ಸೋಲುತ್ತದೆ ಎಂದು ಹೇಳುತ್ತಾಳೆ. ಮುಂದಿನ ವಾರ ಪಾತ್ರ ಅದಲುಬದಲು. ಅಧ್ಯಾಪಕರು ಹೆಚ್ಚಿನ ಹೊತ್ತು ಕೇಳಿಸಿಕೊಳ್ಳುತ್ತಾರೆ, ಬೇಕಾದಲ್ಲಿ ಮಾತ್ರ ಬಾಯಿ ಹಾಕುತ್ತಾರೆ.

ನೋಟ್ಸ್ ಬರೆದುಕೊಂಡು, ಗೈಡ್ ಓದಿ, ಪರೀಕ್ಷೆಯಲ್ಲಿ ಅದನ್ನೇ ಬರೆದು ಬಂದ ಮಕ್ಕಳಿಗೆ ಮೊದಲ ಸೆಮಿಸ್ಟರ್ ಕಷ್ಟವೇ. ಕನ್ನಡ ಅಥವಾ ಮಲಯಾಳಂ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಚರ್ಚೆಯಲ್ಲಿ ಬಾಯಿ ತೆರೆಯಲು ಇನ್ನೂ ಸ್ವಲ್ಪ ದಿನ ಬೇಕು. ಇದು ಕಾಲೇಜುಗಳಿಗೂ ಗೊತ್ತು. ಪ್ರಬಂಧ ತಿದ್ದಿಕೊಳ್ಳಲು ‘ರೈಟಿಂಗ್ ಸೆಂಟರ್’ ಇರುತ್ತದೆ. ಅಧ್ಯಾಪಕರು ವಾರದಲ್ಲಿ ಕೆಲವು ಗಂಟೆ ಬಾಗಿಲು ತೆರೆದಿಟ್ಟು ಕೂರುತ್ತಾರೆ. ಹೋಗಿ ಕೇಳಿದರೆ ಯಾರೂ ದಡ್ಡ ಅನ್ನುವುದಿಲ್ಲ. ಹೋಗದೇ ಇದ್ದರೇ ‘ಯಾಕೆ ಬರಲಿಲ್ಲ’ ಎಂದು ಕೇಳುತ್ತಾರೆ. ಸ್ವಾರ್ತ್‌ಮೋರ್‌ನಲ್ಲಿ ಮೊದಲ ಸೆಮಿಸ್ಟರ್‌ಗೆ ಗ್ರೇಡ್ ಕೊಡುವುದೇ ಇಲ್ಲ, ಪಾಸ್ ಆಯಿತೋ ಇಲ್ಲವೋ ಅಷ್ಟೆ. ಹೊಸಬರು ಭಯ ಬಿಟ್ಟು ಕಲಿಯಲಿ ಎಂಬುದೇ ಕಾರಣ.

ಹಾವರ್‌ಫರ್ಡ್‌ನಲ್ಲಿ ಪರೀಕ್ಷೆಗೆ ಮೇಲ್ವಿಚಾರಕರಿಲ್ಲ. ಸೆಮಿಸ್ಟರ್ ಕೊನೆಯ ಪರೀಕ್ಷೆಗಳ ಹೊತ್ತನ್ನೂ ಹೆಚ್ಚಾಗಿ ವಿದ್ಯಾರ್ಥಿಯೇ ಆರಿಸಿಕೊಳ್ಳುತ್ತಾನೆ. ನಂಬಿಕೆ ದೊಡ್ಡದಾದಷ್ಟು ಅದನ್ನು ಮುರಿದವರಿಗೆ ಶಿಕ್ಷೆಯೂ ದೊಡ್ಡದು. ಬೇರೆಯವರ ನಾಲ್ಕು ಸಾಲನ್ನು ಹೆಸರು ಹೇಳದೆ ಎತ್ತಿ ಹಾಕಿದರೆ ಅದು ಕಳ್ಳತನ ಎಂದೇ ಲೆಕ್ಕ.

ವಿಷಯ ಆರಿಸಲು ಎರಡು ವರ್ಷ

ಇಲ್ಲಿ ಹತ್ತನೇ ತರಗತಿ ಮುಗಿಯುತ್ತಲೇ ಸಯನ್ಸೋ ಕಾಮರ್ಸೋ ಎಂದು ಹದಿನೈದರ ವಯಸ್ಸಿನಲ್ಲಿ ನಿರ್ಧಾರವಾಗುತ್ತದೆ. ಅದೂ ಅನೇಕ ಸಲ ಮಾರ್ಕ್ಸ್ ನೋಡಿ ಮನೆಯವರು ಮಾಡುವ ನಿರ್ಧಾರ. ಅಲ್ಲಿ ಮುಖ್ಯ ವಿಷಯ, ಅಂದರೆ ‘ಮೇಜರ್’ ಯಾವುದೆಂದು ಹೇಳಬೇಕಾದದ್ದು ಸಾಮಾನ್ಯವಾಗಿ ಎರಡನೇ ವರ್ಷದ ಕೊನೆಗೆ. ಅಷ್ಟರೊಳಗೆ ರಸಾಯನಶಾಸ್ತ್ರ, ಇತಿಹಾಸ, ಅರೇಬಿಕ್ ಭಾಷೆ, ಕಂಪ್ಯೂಟರ್ ಎಲ್ಲವನ್ನೂ ಮುಟ್ಟಿ ನೋಡಬಹುದು. ಅಮ್ಹರ್ಸ್ಟ್ ಮತ್ತು ಗ್ರಿನೆಲ್‌ನಲ್ಲಂತೂ ಮೇಜರ್ ಬಿಟ್ಟರೆ ಎಲ್ಲರಿಗೂ ಕಡ್ಡಾಯವಾದದ್ದು ಮೊದಲ ವರ್ಷದ ಒಂದೇ ಒಂದು ತರಗತಿ. ಉಳಿದದ್ದನ್ನು ವಿದ್ಯಾರ್ಥಿ ತನ್ನ ಸಲಹೆಗಾರ ಅಧ್ಯಾಪಕರ ಜೊತೆ ಕೂತು ಆರಿಸಿಕೊಳ್ಳುತ್ತಾನೆ.

ಇನ್ನೊಂದು ಮುಖ್ಯ ಸಂಗತಿ: ಇಂತಹ ಹೆಚ್ಚಿನ ಕಾಲೇಜುಗಳಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳಿಲ್ಲ. ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಮೊದಲ ವರ್ಷದವರ ಪಾಠದ ಒಂದು ಪಾಲನ್ನು ಸಂಶೋಧನಾ ವಿದ್ಯಾರ್ಥಿಗಳೇ ನೋಡಿಕೊಳ್ಳುತ್ತಾರೆ. ಸಣ್ಣ ಕಾಲೇಜಿನಲ್ಲಿ ಪ್ರೊಫೆಸರೇ ಪಾಠ ಮಾಡಬೇಕು, ಅವರ ಲ್ಯಾಬಿನ ಸಹಾಯಕ್ಕೂ ಪದವಿ ಮಕ್ಕಳೇ ಬೇಕು.

ಗ್ರಿನೆಲ್‌ನಲ್ಲಿ ನಡೆದ ಒಂದು ಸಂಗತಿ ಇದಕ್ಕೆ ಒಳ್ಳೆಯ ಉದಾಹರಣೆ. 1940ರ ದಶಕದ ಕೊನೆಗೆ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಜೋಳದ ಹೊಲಗಳ ನಡುವಿನ ಆ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಗ್ರಾಂಟ್ ಗೇಲ್ ತನ್ನ ಪರಿಚಯ ಬಳಸಿ ಆ ಹೊಸ ವಸ್ತುವನ್ನು ತರಿಸಿಕೊಂಡು ಬೆರಳೆಣಿಕೆಯ ವಿದ್ಯಾರ್ಥಿಗಳಿಗೆ ಪಾಠ ಮಾಡಿದರು. ಆ ವಿದ್ಯಾರ್ಥಿಗಳಲ್ಲಿ ಒಬ್ಬ ರಾಬರ್ಟ್ ನಾಯ್ಸ್. 1949ರಲ್ಲಿ ಪದವಿ ಪಡೆದ ಆ ಹುಡುಗ ಮುಂದೆ ಸಿಲಿಕಾನ್ ಚಿಪ್ ರೂಪಿಸಿದವರಲ್ಲಿ ಒಬ್ಬನಾದ, 1968ರಲ್ಲಿ ಇಂಟೆಲ್ ಕಂಪೆನಿ ಕಟ್ಟಿದವರಲ್ಲೂ ಒಬ್ಬನಾದ. ಎಲ್ಲರೂ ನಾಯ್ಸ್ ಆಗುವುದಿಲ್ಲ, ಖಂಡಿತ. ಆದರೆ ಅಧ್ಯಾಪಕನ ಕೈಯಲ್ಲಿರುವ ಹೊಸ ವಸ್ತು ಹದಿನೆಂಟು-ಇಪ್ಪತ್ತರ ವಿದ್ಯಾರ್ಥಿಯ ಕೈಗೂ ಬರುವಷ್ಟು ಹತ್ತಿರದ ಸಂಬಂಧ ಸಣ್ಣ ಜಾಗದಲ್ಲಿ ಸುಲಭ.

ಹಾಸ್ಟೆಲ್, ಊಟ, ಚಳಿ

ನಾಲ್ಕು ವರ್ಷವೂ ಕ್ಯಾಂಪಸ್ಸಿನಲ್ಲೇ ವಾಸ. ಊಟದ ಹಣ ಫೀಸಿನ ಜೊತೆಗೇ ಕಟ್ಟಬೇಕು. ಹಲವು ಕಾಲೇಜುಗಳಲ್ಲಿ ಮುಸ್ಲಿಂ ವಿದ್ಯಾರ್ಥಿಗಳ ಸಂಘ, ನಮಾಝ್‌ಗೆ ಕೋಣೆ ಇದೆ. ಹಲಾಲ್ ಊಟ, ರಮಝಾನ್ ಸಹರಿಯ ವ್ಯವಸ್ಥೆ ಮಾತ್ರ ಒಂದೊಂದು ಕಡೆ ಒಂದೊಂದು ರೀತಿ. ಅರ್ಜಿ ಹಾಕುವ ಮೊದಲೇ ಇಮೇಲ್ ಮಾಡಿ ಕೇಳಿದರೆ ಉತ್ತರ ಬರುತ್ತದೆ. ಹೆಣ್ಮಕ್ಕಳಿಗೆಂದೇ ಇರುವ ಮೌಂಟ್ ಹೋಲಿಯೋಕ್ (1837), ಸ್ಮಿತ್ (1871) ಕಾಲೇಜುಗಳೂ ಇದೇ ಸಾಲಿನವು.

ತೊಂದರೆಗಳೂ ಇವೆ. ಪಟ್ಟಣ ಸಣ್ಣದು, ಬಸ್ಸು ಕಡಿಮೆ, ತಿಂಗಳುಗಟ್ಟಲೆ ಹಿಮ. ಊರವರು ಒಬ್ಬರೂ ಸಿಗದೇ ಇರಬಹುದು. ಒಬ್ಬರ ವಿಷಯ ಎಲ್ಲರಿಗೂ ತಿಳಿಯುವ ಸಣ್ಣ ಜಾಗ. ಎಂಜಿನಿಯರಿಂಗ್ ಕೆಲವೇ ಕಡೆ ಇದೆ. ಸ್ವಾರ್ತ್‌ಮೋರ್ ಮತ್ತು ಸ್ಮಿತ್‌ನಲ್ಲಿ ಕಲಿಸುತ್ತಾರೆ. ಎಂಬಿಬಿಎಸ್ ಇಲ್ಲವೇ ಇಲ್ಲ. ಅಮೆರಿಕದಲ್ಲಿ ವೈದ್ಯಕೀಯ ಓದಲು ಪದವಿ ಆದ ಮೇಲೆ ಮತ್ತೆ ನಾಲ್ಕು ವರ್ಷ ಬೇಕು, ವಿದೇಶಿಯರಿಗೆ ಆ ಸೀಟು ತುಂಬಾ ಕಷ್ಟ. ಊರಿಗೆ ವಾಪಸ್ ಬಂದರೆ ಕಾಲೇಜಿನ ಹೆಸರು ಗುರುತಿಸುವವರು ಕಡಿಮೆ.

ಹಣದ ಲೆಕ್ಕ: ಇಲ್ಲಿ ಎಡವಬಾರದು

ಹೆಸರಾಂತ ಸಣ್ಣ ಕಾಲೇಜುಗಳಲ್ಲಿ ಫೀಸು, ವಾಸ, ಊಟ ಸೇರಿ ವರ್ಷಕ್ಕೆ 80 ಸಾವಿರ ಡಾಲರ್ ದಾಟುತ್ತದೆ, ಅಂದರೆ ಸುಮಾರು 70 ಲಕ್ಷ ರೂಪಾಯಿ. ಈ ಅಂಕಿ ನೋಡಿಯೇ ಹೆಚ್ಚಿನವರು ಪುಟ ಮುಚ್ಚುತ್ತಾರೆ. ಆದರೆ ಇದು ಎಲ್ಲರೂ ಕೊಡುವ ಹಣ ಅಲ್ಲ. ಈ ಕಾಲೇಜುಗಳಿಗೆ ಹಳೆವಿದ್ಯಾರ್ಥಿಗಳ ದೇಣಿಗೆಯ ದೊಡ್ಡ ನಿಧಿ ಇದೆ. ಮನೆಯ ಆದಾಯ ನೋಡಿ ಎಷ್ಟು ಕೊಡಲು ಸಾಧ್ಯ ಎಂದು ಲೆಕ್ಕ ಹಾಕಿ, ಉಳಿದದ್ದನ್ನು ಕೆಲವು ಕಾಲೇಜುಗಳು ತಾವೇ ತುಂಬುತ್ತವೆ. ಅಮ್ಹರ್ಸ್ಟ್ ಮತ್ತು ಮೇಯ್ನ್ ರಾಜ್ಯದ ಬೌಡಿನ್ ಕಾಲೇಜುಗಳು ವಿದೇಶಿ ವಿದ್ಯಾರ್ಥಿ ನೆರವು ಕೇಳಿದ ಎಂಬ ಕಾರಣಕ್ಕೆ ಪ್ರವೇಶದಲ್ಲಿ ಹಿಂದೆ ಹಾಕುವುದಿಲ್ಲ. ಕೆಂಟಕಿಯ ಬೆರಿಯಾ ಕಾಲೇಜು (1855) ಯಾವ ವಿದ್ಯಾರ್ಥಿಯಿಂದಲೂ ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ. ಬದಲಿಗೆ ಪ್ರತಿಯೊಬ್ಬರೂ ವಾರಕ್ಕೆ ಕನಿಷ್ಠ 10 ಗಂಟೆ ಕಾಲೇಜಿನ ಕೆಲಸ ಮಾಡಬೇಕು. ವಿದೇಶಿಯರಿಗೆ ಅಲ್ಲಿ ಸೀಟು ಬೆರಳೆಣಿಕೆಯಷ್ಟು.

ಇದನ್ನು ಕೇಳಿ ‘ಹಾಗಾದರೆ ಫ್ರೀ’ ಎಂದು ಹೊರಡುವಂತಿಲ್ಲ. ಅಮ್ಹರ್ಸ್ಟ್, ವಿಲಿಯಮ್ಸ್, ಸ್ವಾರ್ತ್‌ಮೋರ್‌ಗಳಲ್ಲಿ ನೂರು ಅರ್ಜಿಗೆ ಸೀಟು ಸಿಗುವುದು ಹತ್ತರ ಆಸುಪಾಸು ಜನರಿಗೆ. ಉಳಿದ ಹಲವು ಕಾಲೇಜುಗಳು ವಿದೇಶಿಯರಿಗೆ ನೆರವು ಕೊಟ್ಟರೂ, ಪ್ರವೇಶ ತೀರ್ಮಾನಿಸುವಾಗ ಎಷ್ಟು ನೆರವು ಬೇಕು ಎಂಬುದನ್ನೂ ನೋಡುತ್ತವೆ.

ಇಲ್ಲೇ ದೊಡ್ಡ ಹೊಂಡ ಇರುವುದು. ‘ಈಗ ನೆರವು ಬೇಡ ಅಂತ ಬರೆಯಿರಿ, ಸೀಟು ಬೇಗ ಸಿಗ್ತದೆ, ಮತ್ತೆ ಕೇಳಿದ್ರಾಯ್ತು’ ಎಂದು ಯಾರಾದರೂ ಹೇಳಿದರೆ ನಂಬಬಾರದು. ಪ್ರವೇಶದ ಹೊತ್ತಿಗೆ ನೆರವು ಕೇಳದ ವಿದೇಶಿ ವಿದ್ಯಾರ್ಥಿ ಮುಂದಿನ ನಾಲ್ಕು ವರ್ಷವೂ ಕೇಳುವಂತಿಲ್ಲ ಎಂಬ ನಿಯಮ ಹಲವು ಕಾಲೇಜುಗಳಲ್ಲಿದೆ. ಮೊದಲ ವರ್ಷದ ಹಣ ಹೇಗೋ ಹೊಂದಿಸಿ ಹೋದವರು ಎರಡನೇ ವರ್ಷಕ್ಕೆ ವಾಪಸ್ ಬರಬೇಕಾಗುವುದು ಹೀಗೆ. ‘ಕ್ಯಾಂಪಸ್ಸಿನಲ್ಲಿ ದುಡಿದು ಫೀಸು ಕಟ್ಟಬಹುದು’ ಎಂಬ ಮಾತೂ ಅಷ್ಟೆ. ಎಫ್-1 ವಿಸಾದಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕ್ಯಾಂಪಸ್ ಕೆಲಸ ಮಾಡುವಂತಿಲ್ಲ. ಆ ಹಣ ಕೈಖರ್ಚಿಗೆ ಸಾಕು, ಫೀಸಿಗೆ ಸಾಲದು.

ಸಣ್ಣ ಕಾಲೇಜುಗಳೆಲ್ಲ ಶ್ರೀಮಂತವೂ ಅಲ್ಲ. 1868ರಲ್ಲಿ ಶುರುವಾದ ನ್ಯೂಯಾರ್ಕ್ ರಾಜ್ಯದ ವೆಲ್ಸ್ ಕಾಲೇಜು, 1856ರಲ್ಲಿ ಶುರುವಾದ ಅಲಬಾಮಾದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜು ಎರಡೂ 2024ರಲ್ಲಿ ಹಣವಿಲ್ಲದೆ ಬಾಗಿಲು ಮುಚ್ಚಿದವು. ಹಾಗಾಗಿ ಕಾಲೇಜಿನ ಹಣಕಾಸು ಗಟ್ಟಿ ಇದೆಯಾ ಎಂದು ವಿಚಾರಿಸುವುದು ಅಗತ್ಯ.

ಅರ್ಜಿ ಯಾವಾಗ?

ಪ್ಲಸ್ ಟು ಫಲಿತಾಂಶ ಬಂದ ಮೇಲೆ ಯೋಚಿಸಿದರೆ ತಡವಾಯಿತು. ಹನ್ನೆರಡನೇ ತರಗತಿಯಲ್ಲಿ ಇರುವಾಗಲೇ, ಹೆಚ್ಚಿನ ಕಡೆ ಜನವರಿ ಮೊದಲ ದಿನಗಳೊಳಗೆ ‘ಕಾಮನ್ ಅಪ್ಲಿಕೇಶನ್’ ಹೋಗಬೇಕು. ನವೆಂಬರ್‌ನ ‘ಅರ್ಲಿ ಡಿಸಿಷನ್’ನಲ್ಲಿ ಹಾಕಿ ಸೀಟು ಸಿಕ್ಕಿದರೆ ಅಲ್ಲಿಗೇ ಸೇರುವುದಾಗಿ ಮೊದಲೇ ಮಾತು ಕೊಟ್ಟಂತೆ. ಪ್ರಬಂಧ, ಅಧ್ಯಾಪಕರ ಶಿಫಾರಸು ಪತ್ರ, ಇಂಗ್ಲಿಷ್ ಪರೀಕ್ಷೆ ಬೇಕು. ನೆರವಿಗೆ ಅನೇಕ ಕಡೆ ‘ಸಿಎಸ್‌ಎಸ್ ಪ್ರೊಫೈಲ್’ ಎಂಬ ಅರ್ಜಿಯಲ್ಲಿ ಮನೆಯ ಆದಾಯದ ವಿವರ ಕೊಡಬೇಕು. ತಂದೆ ಗಲ್ಫ್‌ನಲ್ಲಿದ್ದು ಆದಾಯ ತೆರಿಗೆ ಪತ್ರ ಇಲ್ಲದಿದ್ದರೆ, ಕೆಲಸ ಕೊಟ್ಟವರಿಂದ ಸಂಬಳದ ಪತ್ರ ಮಾಡಿಸಿಡಬೇಕು. ಇದಕ್ಕೆ ತಿಂಗಳು ಹಿಡಿಯುತ್ತದೆ. ಅಂದರೆ ತಯಾರಿ ಪ್ಲಸ್ ವನ್ ಮುಗಿಯುವಾಗಲೇ ಶುರುವಾಗಬೇಕು.

ಊರಲ್ಲೇ ಇರುವವರಿಗೆ

ಅಮೆರಿಕಕ್ಕೆ ಹೋಗುವವರು ಕೆಲವರೇ. ಆದರೆ ‘ಮೇಜರ್, ಮೈನರ್’ ಎಂಬ ಪದಗಳು ಈಗ ಗಡಿನಾಡಿಗೂ ಬಂದಿವೆ. 2024ರಿಂದ ಕೇರಳದಲ್ಲಿ ನಾಲ್ಕು ವರ್ಷದ ಪದವಿ ಶುರುವಾಗಿದ್ದು, ಕಣ್ಣೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಸರಗೋಡು, ಮಂಜೇಶ್ವರದ ಸರಕಾರಿ ಕಾಲೇಜುಗಳಿಗೂ ಅದೇ ಪದ್ಧತಿ. ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಲೂಬಹುದು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾನಿಲಯದಲ್ಲಿ ಇದೇ ಬಗೆಯ ಪದವಿ ಇದ್ದು, ಮನೆಯ ಆದಾಯ ನೋಡಿ ಫೀಸಿನಲ್ಲಿ ನೆರವು ಕೊಡುತ್ತಾರೆ.

ಎಲ್ಲಿಗೇ ಸೇರುವುದಿದ್ದರೂ ಮೊದಲೇ ಕೇಳಬೇಕಾದ ಪ್ರಶ್ನೆಗಳು ಇವು: ಮೊದಲ ವರ್ಷದ ತರಗತಿಯಲ್ಲಿ ಎಷ್ಟು ಮಂದಿ? ಪಾಠ ಮಾಡುವವರು ಯಾರು? ವರ್ಷಕ್ಕೆ ಎಷ್ಟು ಸಲ ಸ್ವಂತವಾಗಿ ಬರೆಯಬೇಕು, ಬರೆದದ್ದನ್ನು ತಿದ್ದಿ ಕೊಡುವವರು ಇದ್ದಾರಾ? ಮಗು ಒಂದು ವಾರ ತರಗತಿಗೆ ಹೋಗದಿದ್ದರೆ ಯಾರಿಗಾದರೂ ಗೊತ್ತಾಗ್ತದಾ? ಈ ಕೊನೆಯ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಸಿಗುವ ಕಾಲೇಜು ಊರಲ್ಲೇ ಇದ್ದರೆ, ಅಷ್ಟು ದೂರ ಹೋಗುವ ಮೊದಲು ಅದರ ಬಾಗಿಲನ್ನು ಒಮ್ಮೆ ತಟ್ಟಿ ನೋಡಬಹುದು.