ಪಾಡ್‌ಕಾಸ್ಟ್ | ‘ಒಂದೇ ಪೆಗ್ಗು ಸಾರ್...’: ಊದುವ ಮೊದಲು ತಿಳಿದಿರಬೇಕಾದ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಒಂದು ದೃಶ್ಯ ಕಣ್ಣ ಮುಂದೆ ತಂದುಕೊಳ್ಳಿ. ಕನಕಪುರದ ಹತ್ತಿರ ಒಂದು ಊರಲ್ಲಿ ಬೀಗರೂಟ. ಬಾಡೂಟ ಮುಗಿದಿದೆ. ಪೆಂಡಾಲ್ ಹಿಂದುಗಡೆ, ತೋಟದ ಪಕ್ಕ, ನಾಲ್ಕು ಜನ ನೆಂಟರು ‘ಸ್ವಲ್ಪ’ ತಗೊಂಡಿದ್ದಾರೆ. ಸಂಜೆ ಏಳು ಗಂಟೆ. ಕಾರಲ್ಲಿ ಹೆಂಡತಿ, ಎರಡು ಮಕ್ಕಳು, ಹಿಂದಿನ ಸೀಟಲ್ಲಿ ಅಮ್ಮ. ಮನೆಗೆ ಇಪ್ಪತ್ತೈದು ಕಿಲೋಮೀಟರ್. ತಿರುವಿನಲ್ಲಿ ಬ್ಯಾರಿಕೇಡ್ ಕಾಣುತ್ತೆ, ಟಾರ್ಚ್ ಬೆಳಕು ಬೀಳುತ್ತೆ. ಕಿಟಕಿ ಇಳಿಸಿದ ಕೂಡಲೇ ಪೊಲೀಸರ ಪ್ರಶ್ನೆ: ‘ಎಲ್ಲಿಂದ ಬರ್ತಿದ್ದೀರಿ? ಇದಕ್ಕೊಂದು ಸಲ ಊದಿ.’

ಆಗ ಬರೋ ಉತ್ತರಗಳು ರಾಮನಗರ ಆಗಲಿ, ಚನ್ನಪಟ್ಟಣ ಆಗಲಿ, ಮಾಗಡಿ ಆಗಲಿ, ಒಂದೇ ಥರ. ‘ಒಂದೇ ಪೆಗ್ಗು ಸಾರ್.’ ‘ಊಟ ಮಾಡ್ಬಿಟ್ಟೆ ತಗೊಂಡಿದ್ದು ಸಾರ್.’ ‘ಇಲ್ಲೇ ಪಕ್ಕದೂರು ಸಾರ್, ಎರಡೇ ನಿಮಿಷ.’ ಇವತ್ತಿನ ಸಂಚಿಕೆಯಲ್ಲಿ ಈ ಮೂರು ಮಾತನ್ನೂ ಒಂದೊಂದಾಗಿ ತೂಗಿ ನೋಡೋಣ. ಜೊತೆಗೆ ತಪಾಸಣೆ ಹೇಗೆ ನಡೆಯುತ್ತೆ, ಕಾನೂನು ಏನು ಹೇಳುತ್ತೆ, ನಿಮ್ಮ ಹಕ್ಕು ಏನು ಅನ್ನೋದನ್ನೂ ನೋಡೋಣ.

ಈ ಜಿಲ್ಲೆಯೇ ಯಾಕೆ?

2007ರಲ್ಲಿ ರಾಮನಗರ ಜಿಲ್ಲೆ ಅಂತ ಹುಟ್ಟಿ, 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾಯಿಸಿಕೊಂಡ ಈ ಜಿಲ್ಲೆಯ ರಸ್ತೆಗಳದ್ದು ಒಂದು ವಿಶೇಷ. ವಾರಾಂತ್ಯ ಬಂದರೆ ಅರ್ಧ ಬೆಂಗಳೂರು ಇಲ್ಲೇ ಇರುತ್ತೆ. ರಾಮದೇವರ ಬೆಟ್ಟ, ಸಾವನದುರ್ಗ, ಮಂಚನಬೆಲೆ, ಸಂಗಮ, ಮೇಕೆದಾಟು. ಬೆಟ್ಟ, ನದಿ, ರೆಸಾರ್ಟ್ ಅಂತ ಬಂದವರು ಸಂಜೆ ಒಟ್ಟಿಗೆ ವಾಪಸ್ ಹೊರಡ್ತಾರೆ. ಅದೇ ರಸ್ತೆಯಲ್ಲಿ ಸ್ಥಳೀಯರ ಬೈಕು, ಹಾಲಿನ ವಾಹನ, ಸೊಪ್ಪಿನ ಹೊರೆ ಹೊತ್ತ ಟಿವಿಎಸ್ ಗಾಡಿ, ಕಾರ್ಖಾನೆ ಶಿಫ್ಟ್ ಮುಗಿಸಿ ಬರೋ ಬಿಡದಿಯ ಕಾರ್ಮಿಕರು.

ಇದರ ನಡುವೆ ಹಾದು ಹೋಗೋದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ. 2023ರ ಮಾರ್ಚ್ 12ರಂದು ಉದ್ಘಾಟನೆಯಾಯ್ತು. ಅಪಘಾತಗಳು ಹೆಚ್ಚಾದ ಮೇಲೆ ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ನಿರ್ಬಂಧ ಬಂತು. ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿ ಆಯ್ತು, ವೇಗ ಹಿಡಿಯೋ ಕ್ಯಾಮೆರಾ ಬಂತು. ಆದರೆ ಕ್ಯಾಮೆರಾಗೆ ವೇಗ ಕಾಣುತ್ತೆ, ಸೀಟ್ ಬೆಲ್ಟ್ ಕಾಣುತ್ತೆ. ಚಾಲಕನ ರಕ್ತದಲ್ಲಿ ಏನಿದೆ ಅನ್ನೋದು ಕಾಣಲ್ಲ. ಅದಕ್ಕೆ ರಸ್ತೆಗೆ ಇಳಿದು, ಗಾಡಿ ನಿಲ್ಲಿಸಿ, ಊದಿಸಲೇಬೇಕು.

ಮೊದಲ ಮಾತು: ‘ಒಂದೇ ಪೆಗ್ಗು’

ಮೋಟಾರು ವಾಹನ ಕಾಯ್ದೆ 1988ರ 185ನೇ ಸೆಕ್ಷನ್ ಪ್ರಕಾರ ಮಿತಿ ಇಷ್ಟು: 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್. ಅದನ್ನು ಮೀರಿದರೆ ಅಪರಾಧ. ಇಂಗ್ಲೆಂಡಿನಲ್ಲಿ ಇದೇ ಮಿತಿ 80. ಅಂದರೆ ನಮ್ಮ ಕಾನೂನು ಬಿಗಿಯಾಗಿದೆ.

ಈಗ ಲೆಕ್ಕ ಹಾಕೋಣ. ನಮ್ಮಲ್ಲಿ ಸಿಗೋ ವಿಸ್ಕಿ, ಬ್ರಾಂದಿ ಬಾಟಲಿ ಮೇಲೆ ಸಾಮಾನ್ಯವಾಗಿ ಶೇ 42.8 ಅಂತ ಬರೆದಿರುತ್ತೆ. ಹಾಗಾದರೆ 60 ಮಿ.ಲೀ. ಪೆಗ್‌ನಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 20 ಗ್ರಾಂ. 65 ಕೆ.ಜಿ. ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಅದನ್ನು ಬೇಗ ಕುಡಿದರೆ ರಕ್ತದ ಮಟ್ಟ 40–45ರ ಆಸುಪಾಸಿಗೆ ಏರಬಹುದು. ಒಂದೇ ಪೆಗ್ಗು, ಮಿತಿ ದಾಟಿ ಆಯ್ತು. ಹೆಂಗಸರಿಗೆ, ತೂಕ ಕಡಿಮೆ ಇರುವವರಿಗೆ ಇನ್ನೂ ಜಾಸ್ತಿ ಏರುತ್ತೆ. ಸ್ಟ್ರಾಂಗ್ ಬಿಯರ್ 650 ಮಿ.ಲೀ. ಬಾಟಲಿ ‘ಬರೀ ಬಿಯರ್’ ಅಲ್ಲ. ಶೇ 8 ಇದ್ದರೆ ಅದರಲ್ಲಿ 40 ಗ್ರಾಂ ಆಲ್ಕೋಹಾಲ್ ಇರುತ್ತೆ. ಎರಡು ಪೆಗ್‌ಗೆ ಸಮ.

ಇನ್ನೊಂದು ವಿಷಯ. ‘ನನಗೇನೂ ಆಗಿಲ್ಲ, ಸ್ಟಡಿಯಾಗಿದ್ದೀನಿ’ ಅಂತ ಅನ್ನಿಸೋದೇ ಮದ್ಯದ ಮೊದಲ ಕೆಲಸ. ಕಾಲು ತೊದರೋದಕ್ಕೆ ಎಷ್ಟೋ ಮೊದಲೇ ತೀರ್ಮಾನ ತಗೊಳ್ಳೋ ಶಕ್ತಿ ಸಡಿಲ ಆಗುತ್ತೆ. ಎಕ್ಸ್‌ಪ್ರೆಸ್‌ವೇನಲ್ಲಿ 100 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಬ್ರೇಕ್ ಒತ್ತೋದು ಅರ್ಧ ಸೆಕೆಂಡ್ ತಡವಾದರೆ ಗಾಡಿ 14 ಮೀಟರ್ ಮುಂದೆ ಹೋಗಿರುತ್ತೆ. ಒಂದು ಕೆಎಸ್‌ಆರ್‌ಟಿಸಿ ಬಸ್ಸಿನ ಉದ್ದಕ್ಕಿಂತ ಜಾಸ್ತಿ. ಮುಂದೆ ಕೆಟ್ಟು ನಿಂತ ಲಾರಿ ಇದ್ದರೆ ಆ 14 ಮೀಟರೇ ಬದುಕು.

ಎರಡನೇ ಮಾತು: ‘ಊಟ ಮಾಡಿದ್ದೀನಿ’

ಇದರಲ್ಲಿ ಅರ್ಧ ಸತ್ಯ ಇದೆ. ಹೊಟ್ಟೆ ತುಂಬಿದ್ದರೆ ಮದ್ಯ ರಕ್ತಕ್ಕೆ ನಿಧಾನವಾಗಿ ಸೇರುತ್ತೆ, ಏರೋ ಮಟ್ಟವೂ ಸ್ವಲ್ಪ ಕಡಿಮೆ. ಆದರೆ ಮುದ್ದೆ, ಸಾರು, ಬಿರಿಯಾನಿ ಯಾವುದೂ ಕುಡಿದದ್ದನ್ನು ಮಾಯ ಮಾಡಲ್ಲ. ಮಜ್ಜಿಗೆ, ನಿಂಬೆರಸ, ಕಾಫಿ, ತಣ್ಣೀರ ಸ್ನಾನ, ಇವುಗಳಿಂದಲೂ ಇಳಿಯಲ್ಲ. ಕಾಫಿ ಕುಡಿದರೆ ನಿದ್ದೆ ಹೋಗಬಹುದು, ಮತ್ತು ಹೋಗಲ್ಲ. ಏಲಕ್ಕಿ, ಪಾನ್ ಮಸಾಲಾ ವಾಸನೆ ಮುಚ್ಚಬಹುದು; ಯಂತ್ರ ಅಳೆಯೋದು ವಾಸನೆ ಅಲ್ಲ, ಶ್ವಾಸಕೋಶದ ಆಳದಿಂದ ಬರೋ ಗಾಳಿಯಲ್ಲಿರುವ ಆಲ್ಕೋಹಾಲ್.

ಇಳಿಸೋದು ಪಿತ್ತಜನಕಾಂಗ, ಅದೂ ತನ್ನದೇ ಗತಿಯಲ್ಲಿ. ಗಂಟೆಗೆ ಸರಾಸರಿ 15 ಮಿಲಿಗ್ರಾಂ. ಅವಸರ ಮಾಡಿದರೆ ಅದು ಕೇಳಲ್ಲ.

ಇಲ್ಲಿಗೇ ಬರುತ್ತೆ ನೋಡಿ, ಯಾರೂ ಯೋಚಿಸದ ಅಪಾಯ: ಮಾರನೇ ಬೆಳಿಗ್ಗೆ. ಹೊಸ್ತೊಡಕಿನ ರಾತ್ರಿ ಅಂತಿಟ್ಟುಕೊಳ್ಳಿ. ಅದೇ 65 ಕೆ.ಜಿ. ಮನುಷ್ಯ ರಾತ್ರಿ ಒಂಬತ್ತರಿಂದ ಹನ್ನೆರಡರ ತನಕ ನಾಲ್ಕು ಪೆಗ್ ತಗೊಂಡ. ಹನ್ನೆರಡಕ್ಕೆ ರಕ್ತದ ಮಟ್ಟ ಸುಮಾರು 140. ಮಲಗಿದ. ಬೆಳಗಿನ ಜಾವ ಐದಕ್ಕೆ ಎದ್ದು, ಮುಖ ತೊಳೆದು, ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ಗೂಡು ತುಂಬಿದ ಗೂಡ್ಸ್ ಗಾಡಿ ಹತ್ತಿದ. ಆಗ ಅವನ ಮಟ್ಟ ಇನ್ನೂ 65. ಮಿತಿಯ ಎರಡು ಪಟ್ಟಿಗಿಂತ ಹೆಚ್ಚು! ಮೂವತ್ತಕ್ಕೆ ಇಳಿಯೋ ಹೊತ್ತಿಗೆ ಬೆಳಿಗ್ಗೆ ಏಳು ಕಳೆದು ಏಳೂವರೆ ಹತ್ತಿರ ಆಗಿರುತ್ತೆ. ‘ನಾನು ಕುಡಿದದ್ದು ನಿನ್ನೆ’ ಅನ್ನೋದು ಅವನ ಮಟ್ಟಿಗೆ ನಿಜ, ರಕ್ತದ ಮಟ್ಟಿಗೆ ಸುಳ್ಳು. ಬೆಂಗಳೂರಿನಲ್ಲಿ ಪೊಲೀಸರು ಬೆಳಿಗ್ಗೆ ಹೊತ್ತು ಶಾಲಾ ವಾಹನಗಳನ್ನು ನಿಲ್ಲಿಸಿ ಊದಿಸಿದಾಗಲೂ ಮಿತಿ ಮೀರಿದ ಚಾಲಕರು ಸಿಕ್ಕಿದ್ದಾರೆ.

ಇದು ಅಂದಾಜು ಲೆಕ್ಕ. ದೇಹದಿಂದ ದೇಹಕ್ಕೆ ವ್ಯತ್ಯಾಸ ಇರುತ್ತೆ. ‘ಹಾಗಾದರೆ ನಾನು ಏಳೂವರೆಗೆ ಹೊರಡಬಹುದು’ ಅಂತ ಇದನ್ನು ಬಳಸಬೇಡಿ.

ಮೂರನೇ ಮಾತು: ‘ಇಲ್ಲೇ ಪಕ್ಕದೂರು’

ಪಕ್ಕದೂರಿನ ರಸ್ತೆಯಲ್ಲಿ ಡಿವೈಡರ್ ಇರಲ್ಲ, ದೀಪ ಇರಲ್ಲ. ಹಂಪು ಇರುತ್ತೆ, ಕತ್ತಲಲ್ಲಿ ದಾಟೋ ದನ ಇರುತ್ತೆ, ಲೈಟಿಲ್ಲದ ಟ್ರೇಲರ್ ಇರುತ್ತೆ, ತಲೆಗೆ ಹೆಲ್ಮೆಟ್ ಇರಲ್ಲ. ಗೊತ್ತಿರೋ ರಸ್ತೆ ಅನ್ನೋ ಧೈರ್ಯವೇ ಅಲ್ಲಿ ಶತ್ರು.

‘ಬಿದ್ದರೆ ನಾನೇ ತಾನೆ ಬೀಳೋದು’ ಅನ್ನೋರೂ ಇದ್ದಾರೆ. ಅವರಿಗೆ ಒಂದು ಘಟನೆ ನೆನಪಿಸಬೇಕು. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರ್ತಿದ್ದ ಖಾಸಗಿ ಬಸ್ಸು ಕರ್ನೂಲಿನ ಬಳಿ ಸುಟ್ಟು ಹೋಯ್ತು. ರಸ್ತೆಯಲ್ಲಿ ಮೊದಲೇ ಬಿದ್ದಿದ್ದ ಒಂದು ಬೈಕನ್ನು ಬಸ್ಸು ಎಳೆದುಕೊಂಡು ಹೋಗಿದ್ದೇ ಕಾರಣ. ಆ ಬೈಕ್ ಸವಾರ ಕುಡಿದಿದ್ದ ಅಂತ ವಿಧಿವಿಜ್ಞಾನ ಪರೀಕ್ಷೆಯಲ್ಲಿ ದೃಢಪಟ್ಟಿತು. ಅವನೂ ಸತ್ತ. ಅವನಿಗೆ ಪರಿಚಯವೇ ಇಲ್ಲದ, ಬಸ್ಸಲ್ಲಿ ನಿದ್ದೆ ಮಾಡ್ತಿದ್ದ 19 ಪ್ರಯಾಣಿಕರೂ ಸತ್ತರು.

ಸರ್ಕಾರದ ಅಂಕಿ ಅಂಶದಲ್ಲಿ ಕುಡಿತದ ಪಾಲು ಚಿಕ್ಕದಾಗಿ ಕಾಣುತ್ತೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಕುಡಿತ ಕಾರಣ ಅಂತ ದಾಖಲಾಗಿದ್ದು ಶೇ 2.5ರ ಆಸುಪಾಸು. ಆದರೆ ‘ಅತಿವೇಗ’ ಅಂತ ಒಂದೇ ಕಾರಣ ಬರೆದು ಮುಗಿಸಿದ ಕಡೆ ಆ ವೇಗದ ಹಿಂದೆ ಏನಿತ್ತು ಅನ್ನೋದು ಕಾಗದಕ್ಕೆ ಬರಲ್ಲ. ಹೆದ್ದಾರಿ ಮತ್ತು ಮದ್ಯದ ನಂಟು ಎಷ್ಟು ಗಂಭೀರ ಅಂದರೆ, ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಅಂತ ಆದೇಶ ಕೊಟ್ಟಿತ್ತು. ಆಮೇಲೆ ನಗರ, ಪಟ್ಟಣ ವ್ಯಾಪ್ತಿಗೆ ಸಡಿಲಿಕೆ ಸಿಕ್ಕಿತು.

ನಿಲ್ಲಿಸಿದಾಗ ಏನಾಗುತ್ತೆ?

ಸಮವಸ್ತ್ರದಲ್ಲಿರುವ ಪೊಲೀಸರು ಸಂಶಯ ಬಂದರೆ ಊದಲು ಹೇಳಬಹುದು. ಗಾಡಿ ಓಡಿಸ್ತಿದ್ದವರಿಗೆ ಮಾತ್ರ ಅಲ್ಲ, ಸ್ಟಾರ್ಟ್ ಮಾಡಿ ಹೊರಡೋ ಪ್ರಯತ್ನದಲ್ಲಿ ಇರುವವರಿಗೂ. ‘ನಾನು ಊದಲ್ಲ’ ಅಂದರೆ ತಪ್ಪಿಸಿಕೊಂಡ ಹಾಗಲ್ಲ. ಆಗ ಬಂಧಿಸಿ ಆಸ್ಪತ್ರೆಗೆ ಕರೆದೊಯ್ದು ರಕ್ತದ ಮಾದರಿ ತೆಗೆಸಬಹುದು. ಸಕಾರಣ ಇಲ್ಲದೆ ನಿರಾಕರಿಸಿದ್ದೇ ನ್ಯಾಯಾಲಯದಲ್ಲಿ ನಿಮ್ಮ ವಿರುದ್ಧದ ಸಾಕ್ಷ್ಯಕ್ಕೆ ಬಲ ಕೊಡುತ್ತೆ.

ನಿಮ್ಮ ಕಡೆಗೂ ಕೆಲವು ರಕ್ಷಣೆ ಇದೆ. ಊದೋ ಕೊಳವೆ ಹೊಸದಾಗಿರಲಿ ಅಂತ ಕೇಳಬಹುದು. ಯಂತ್ರ ತೋರಿಸಿದ ಸಂಖ್ಯೆ ನೋಡಿ, ಚೀಟಿ ಕೇಳಿ. 185ರಡಿ ಬಂಧಿಸಿದರೆ ಎರಡು ಗಂಟೆ ಒಳಗೆ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು, ಇಲ್ಲದಿದ್ದರೆ ಬಿಡಬೇಕು ಅಂತ ಕಾಯ್ದೆಯೇ ಹೇಳುತ್ತೆ.

‘ನಾನು ಕುಡಿದೇ ಇಲ್ಲ, ಯಂತ್ರ ತಪ್ಪು ತೋರಿಸ್ತಿದೆ’ ಅಂದರೆ? ಅಪರೂಪಕ್ಕೆ ಅದೂ ಆಗುತ್ತೆ. 2025ರ ಜುಲೈನಲ್ಲಿ ಕೇರಳದ ಪಂದಳಂ ಡಿಪೋದಲ್ಲಿ ಬಸ್ ಚಾಲಕರು ಊದಿದಾಗ ಆಲ್ಕೋಹಾಲ್ ಇದೆ ಅಂತ ಬಂತು. ಕಡೆಗೆ ಗೊತ್ತಾಗಿದ್ದು, ಅವರು ತಿಂದಿದ್ದು ಚೆನ್ನಾಗಿ ಕಳಿತ ಹಲಸಿನ ತೊಳೆ! ಮೌತ್‌ವಾಶ್, ಕೆಲವು ಟಾನಿಕ್‌ಗಳಿಂದಲೂ ಹೀಗಾಗಬಹುದು. ಬಾಯಲ್ಲಿ ಉಳಿದ ಈ ಅಂಶ ಹತ್ತು–ಹದಿನೈದು ನಿಮಿಷದಲ್ಲಿ ಹೋಗುತ್ತೆ. ಹಾಗಾಗಿ ಜಗಳ ಬೇಡ. ನೀರಲ್ಲಿ ಬಾಯಿ ಮುಕ್ಕಳಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಊದಿಸಿ ಅಂತ ಕೇಳಿ. ಆಗಲೂ ಒಪ್ಪಿಗೆ ಆಗದಿದ್ದರೆ ರಕ್ತ ಪರೀಕ್ಷೆ ಕೇಳಿ. ನಿಜವಾಗಿ ಕುಡಿದವನ ಅಂಕಿ ಕಾಲು ಗಂಟೆಯಲ್ಲಿ ಸೊನ್ನೆ ಆಗಲ್ಲ.

ಶಿಕ್ಷೆ ಏನು?

ಮೊದಲ ಸಲ ಸಿಕ್ಕರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನೇ ಸಲ ಎರಡು ವರ್ಷದವರೆಗೆ ಜೈಲು, ಇಲ್ಲವೇ 15,000 ರೂಪಾಯಿ, ಇಲ್ಲವೇ ಎರಡೂ. 2019ರ ತಿದ್ದುಪಡಿಗೆ ಮೊದಲು ಈ ದಂಡ 2,000 ಮತ್ತು 3,000 ರೂಪಾಯಿ ಇತ್ತು. ಡಿಎಲ್ ವಶಕ್ಕೆ ಪಡೆದು ಅಮಾನತಿಗೆ ಕಳಿಸಬಹುದು. ಟ್ಯಾಕ್ಸಿ, ಲಾರಿ, ಆಟೊ ಓಡಿಸಿ ಸಂಸಾರ ಸಾಕುವವರಿಗೆ ಹತ್ತು ಸಾವಿರಕ್ಕಿಂತ ಈ ಹೊಡೆತವೇ ದೊಡ್ಡದು.

ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಈ ಅಪರಾಧಕ್ಕೆ ಸ್ಥಳದಲ್ಲೇ ದಂಡ ಕಟ್ಟಿ ಮುಗಿಸೋ ಅವಕಾಶ ಇಲ್ಲ. ನ್ಯಾಯಾಲಯಕ್ಕೆ ಹೋಗಲೇಬೇಕು. ರಸ್ತೆ ಬದಿಯಲ್ಲಿ ಕೈಯಿಂದ ಕೈಗೆ ಹೋಗೋ ದುಡ್ಡು ದಂಡ ಅಲ್ಲ, ಅದು ಲಂಚ. ಕೇಳೋದೂ ತಪ್ಪು, ಕೊಡೋದೂ ತಪ್ಪು.

ಪಕ್ಕದಲ್ಲಿ ಕೂತು ‘ಏನಾಗಲ್ಲ, ಹೊಡಿ ಗುರು’ ಅಂದವರಿಗೂ ಕಾಯ್ದೆಯ 188ನೇ ಸೆಕ್ಷನ್ ಇದೆ. ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ.

ಇನ್ನು ಯಾರಾದರೂ ಸತ್ತರೆ? 2006ರಲ್ಲಿ ಮುಂಬೈನ ಬಾಂದ್ರಾದಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದ ಕಾರ್ಮಿಕರ ಮೇಲೆ ಕಾರು ಹರಿದು ಏಳು ಜನ ಸತ್ತರು. ಅದು ಬರೀ ನಿರ್ಲಕ್ಷ್ಯ ಅಲ್ಲ, ಕೊಲೆಯಲ್ಲದ ಮಾನವ ಹತ್ಯೆ ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿಹಿಡಿಯಿತು. ಕುಡಿದು ಓಡಿಸಿದರೆ ಏನಾಗಬಹುದು ಅನ್ನೋದು ಓಡಿಸುವವನಿಗೆ ಗೊತ್ತಿರುತ್ತೆ ಅನ್ನೋದೇ ಇದರ ತಿರುಳು. ವಿಮೆ ವಿಷಯದಲ್ಲೂ 2021ರ ತೀರ್ಪೊಂದರಲ್ಲಿ ಅದೇ ಕೋರ್ಟ್ ಹೇಳಿದ್ದು: ಉಸಿರು, ರಕ್ತ ಪರೀಕ್ಷೆ ಆಗದಿದ್ದರೂ ಬೇರೆ ಸಾಕ್ಷ್ಯದಿಂದ ಕುಡಿತ ಸಾಬೀತಾದರೆ, ಜಖಂ ಆದ ನಿಮ್ಮ ಕಾರಿಗೆ ವಿಮಾ ಕಂಪನಿ ದುಡ್ಡು ಕೊಡದೇ ಇರಬಹುದು.

ಹಾಗಾದರೆ ಮಾಡೋದೇನು?

ಉಪದೇಶ ಬೇಡ. ಕುಡಿಯೋದು ಬಿಡೋದು ಅವರವರ ಇಷ್ಟ. ಆದರೆ ತೀರ್ಮಾನ ಮೊದಲ ಗುಟುಕಿಗೆ ಮುಂಚೆ ಆಗಬೇಕು, ಯಾಕೆಂದರೆ ಆಮೇಲೆ ತೀರ್ಮಾನ ಮಾಡೋದು ನೀವಲ್ಲ. ಬೀಗರೂಟಕ್ಕೆ ಹೊರಡುವಾಗಲೇ ವಾಪಸ್ ಯಾರು ಓಡಿಸ್ತಾರೆ ಅಂತ ಮನೆಯಲ್ಲೇ ಮಾತಾಗಲಿ. ಅವರು ಆ ದಿನ ಮುಟ್ಟಬಾರದು, ‘ಸ್ವಲ್ಪ’ ಕೂಡ. ಅಂಥವರು ಇಲ್ಲದಿದ್ದರೆ ಊರಿನ ಬಾಡಿಗೆ ಡ್ರೈವರ್‌ಗೆ ಫೋನ್ ಮಾಡಿ, ಇಲ್ಲವೇ ನೆಂಟರ ಮನೆ ಜಗಲಿಯಲ್ಲಿ ಚಾಪೆ ಹಾಸಿ ಮಲಗಿ. ನಮ್ಮ ಕಡೆ ನೆಂಟರನ್ನು ರಾತ್ರಿ ಉಳಿಸ್ಕೊಳ್ಳೋದು ಹೊರೆಯಲ್ಲ, ಮರ್ಯಾದೆ. ಹೋಸ್ಟ್ ಆದವರೂ ಅಷ್ಟೇ: ‘ಇನ್ನೊಂದು ತಗೊಳ್ಳಿ ಭಾವ’ ಅಂತ ಬಲವಂತ ಮಾಡೋ ಬಾಯಲ್ಲೇ ‘ಕೀ ಇಲ್ಲಿ ಕೊಡಿ ಭಾವ’ ಅಂತ ಹೇಳೋದನ್ನೂ ಕಲೀಬೇಕು.

ಅಪಘಾತ ಕಂಡರೆ 108 ಅಥವಾ 112ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ತೊಂದರೆ ಕೊಡಬಾರದು ಅಂತ ಕಾನೂನೇ ಇದೆ. ಹೆದರಬೇಡಿ.

ಮತ್ತೆ ಆ ಬ್ಯಾರಿಕೇಡ್ ಹತ್ತಿರಕ್ಕೆ ಹೋಗೋಣ. ಟಾರ್ಚ್ ಬೆಳಕು ಬಿದ್ದಾಗ ನಮಗೆ ಕಾಣೋದು ಪೊಲೀಸರು ಮಾತ್ರ. ಆ ಬೆಳಕಲ್ಲಿ ಪೊಲೀಸರಿಗೆ ಕಾಣೋದು ಹಿಂದಿನ ಸೀಟಲ್ಲಿ ಅಜ್ಜಿಯ ತೊಡೆ ಮೇಲೆ ನಿದ್ದೆ ಹೋಗಿರೋ ಮಕ್ಕಳು. ಊದಿ ಅಂತ ಕೇಳೋದು ಆ ಮಕ್ಕಳಿಗೋಸ್ಕರ. ಎದುರಿಂದ ಬರ್ತಿರೋ ಬೈಕಿನಲ್ಲೂ ಯಾರದೋ ಮಗ ಇರ್ತಾನೆ, ಅವನಿಗೋಸ್ಕರ ಕೂಡ.

ಹುಷಾರಾಗಿ ಮನೆ ಸೇರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.