ಬೆಕ್ಕಿನ ಉಚ್ಚಿ ನಾತ: ಯೂರಿಯಾ ಗೊತ್ತಿದ್ದವರಿಗೆ ಇದು ಹೊಸದಲ್ಲ

ಮಳೆಗಾಲ ಹಿಡಿದ ಮೇಲೆ ನನಗೆ ಬರುವ ಮೆಸೇಜುಗಳಲ್ಲಿ, ಬೆಳೆರೋಗದ ಫೋಟೋಗಳ ನಡುವೆ, ಇಂಥದ್ದೂ ಒಂದು ಇದ್ದೇ ಇರುತ್ತದೆ: "ಬೆಕ್ಕು ಬೀಜದ ಚೀಲದ ಮ್ಯಾಲ ಉಚ್ಚಿ ಹೊಯ್ದೈತಿ, ಎಷ್ಟ್ ತೊಳದ್ರೂ ನಾತ ಹೋಗವಲ್ದು. ಏನ್ ಮಾಡೂದ್ರಿ?" ಯಮಕನಮರಡಿ ಸುತ್ತ ಬಹಳ ಮಂದಿ ಮಾಡುವುದು ಒಂದೇ. ಬೆಕ್ಕನ್ನು ಚೀಲದಾಗ ಹಾಕಿ, ಬೈಕ್ ಮೇಲೆ ಒಯ್ದು ಹೈವೇ ಆಚೆ ಬಿಟ್ಟು ಬರೋದು. ಆಮೇಲೆ ಗೋವಿನಜೋಳದ ಚೀಲಕ್ಕೆ ಇಲಿ ಬೀಳುತ್ತವೆ, ಸಣ್ಣ ಮಕ್ಕಳಿರುವ ಮನೆಯಲ್ಲಿ ಇಲಿ ಪಾಷಾಣ ಇಡುವ ಪ್ರಸಂಗ ಬರುತ್ತದೆ. ಅಷ್ಟು ದೂರ ಹೋಗುವುದೇ ಬೇಡ. ಬೆಕ್ಕನ್ನು ಇಟ್ಟುಕೊಂಡೇ ನಾತ ಕಳೆಯಬಹುದು.

ಬೆಕ್ಕಿನ ಉಚ್ಚಿಯಲ್ಲಿ ನೀರು ಬಿಟ್ಟರೆ ಹೆಚ್ಚಾಗಿರುವುದು ಯೂರಿಯಾ. ಹೌದು, ಕಬ್ಬಿಗೆ ಹಾಕುವ ಅದೇ ಯೂರಿಯಾ. ಹಸಿ ನೆಲದ ಮೇಲೆ ಯೂರಿಯಾ ಚೆಲ್ಲಿ ಮಣ್ಣು ಮುಚ್ಚದೆ ಬಿಟ್ಟರೆ ಮೂಗಿಗೆ ಘಾಟು ಬಡಿಯುತ್ತದಲ್ಲ, ಅದು ಅಮೋನಿಯಾ. ಮಣ್ಣಿನ ಸೂಕ್ಷ್ಮಜೀವಿಗಳು ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆಯುತ್ತವೆ. ಮನೆಯ ಫರಸಿ ಸಂದಿಯಲ್ಲೂ ನಡೆಯುವುದು ಇದೇ. ಅದಕ್ಕೇ ಹೊಯ್ದ ದಿನಕ್ಕಿಂತ ಮೂರನೇ ದಿನ ನಾತ ಜೋರು. ಇದರ ಜೊತೆಗೆ ಬೆಕ್ಕಿನ ಉಚ್ಚಿಯಲ್ಲಿ ಫೆಲಿನೈನ್ ಎಂಬ ಗಂಧಕವಿರುವ ವಸ್ತು ಇದೆ. ಬೀಜ ತೆಗೆಸದ ಗಂಡು ಬೆಕ್ಕಿನಲ್ಲಿ ಅದು ಬಹಳ. ಒಣಗಿದ ಕಲೆ ಮಳೆಗಾಲದ ತೇವ ಹೀರಿದಾಗ ಹಳೇ ನಾತ ಮತ್ತೆ ಏಳುತ್ತದೆ, ಹೊಸದಾಗಿ ಹೊಯ್ದಿರಲೇಬೇಕಂತಿಲ್ಲ.

ಮೊದಲು ಜಾಗ ಹುಡುಕಿ. ನೋಟು ಪರೀಕ್ಷೆ ಮಾಡುವ ಸಣ್ಣ ಯುವಿ ಟಾರ್ಚ್ ಇದ್ದರೆ ರಾತ್ರಿ ಲೈಟ್ ಆರಿಸಿ ನೋಡಿ, ಉಚ್ಚಿಯ ಕಲೆ ಹೊಳೆಯುತ್ತದೆ. ಹಸಿಯಾಗಿದ್ದರೆ ಹಳೇ ಬಟ್ಟೆ ಒತ್ತಿ ಹೀರಿಸಿ, ತಿಕ್ಕಬೇಡಿ. ಸಿಮೆಂಟ್ ನೆಲಕ್ಕೆ ಕಿಣ್ವವಿರುವ ಬಟ್ಟೆ ತೊಳೆಯುವ ಪುಡಿ (ಪಾಕೀಟಿನ ಮೇಲೆ ಎಂಜೈಮ್ ಅಂತ ಬರೆದಿರುತ್ತದೆ) ಉಗುರುಬೆಚ್ಚಗಿನ ನೀರಲ್ಲಿ ಕಲಸಿ ಹಚ್ಚಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ ನಾಲ್ಕೈದು ತಾಸು ಹಸಿಯಾಗಿಯೇ ಬಿಡಿ. ಕುದಿಯುವ ನೀರು ಹಾಕಿದರೆ ಕಿಣ್ವ ಸಾಯುತ್ತದೆ. ಗಂಧಕದ ವಾಸನೆ ಉಳಿದರೆ 3% ಹೈಡ್ರೋಜನ್ ಪೆರಾಕ್ಸೈಡ್ ಕೆಲಸ ಮಾಡುತ್ತದೆ. ಬಾಟಲಿ ಮೇಲೆ 6% ಅಂತಿದ್ದರೆ ಅಷ್ಟೇ ನೀರು ಸೇರಿಸಿ. ಬಣ್ಣದ ಬಟ್ಟೆಗೆ ಮಾತ್ರ ಹಾಕಬೇಡಿ, ಬಣ್ಣ ಹೋಗುತ್ತದೆ. ಸೆಗಣಿ ಸಾರಿಸಿದ ನೆಲವಾದರೆ ಇಷ್ಟೆಲ್ಲ ಬೇಡ. ಮೇಲಿನ ಪದರ ಕೆರೆದು ತೆಗೆದು ಹೊಸದಾಗಿ ಸಾರಿಸಿ.

ವಿನೆಗರ್, ಲಿಂಬೆರಸ ಅಮೋನಿಯಾವನ್ನು ಹಿಡಿದಿಡುತ್ತವೆ, ಖರೆ. ಆದರೆ ನಮ್ಮ ಹಳೇ ಮನೆಗಳ ಶಹಾಬಾದ್ ಫರಸಿ ಸುಣ್ಣದ ಕಲ್ಲು, ಹುಳಿ ತಾಗಿದರೆ ಕಲ್ಲೇ ಕರಗಿ ಮಂಕಾಗುತ್ತದೆ. ಬೆಲ್ಲ, ಹಣ್ಣಿನ ಸಿಪ್ಪೆಯಿಂದ ಮಾಡುವ ಬಯೋ ಎಂಜೈಮ್ ಬಗ್ಗೆ ಸಾವಯವ ಗುಂಪುಗಳಲ್ಲಿ ಭಾರೀ ಪ್ರಚಾರ ಇದೆ. ನಾನೂ ಸಾವಯವದವನೇ, ಆದರೂ ಹೇಳುತ್ತೇನೆ: ಅದರ ಕೆಲಸ ಹೆಚ್ಚಾಗಿ ಹುಳಿಯ ಕೆಲಸ, ವಿನೆಗರ್‌ನ ತಮ್ಮ ಅನ್ನಿ.

ಎರಡು ವಸ್ತು ಬೇಡವೇ ಬೇಡ. ಒಂದು ಬ್ಲೀಚಿಂಗ್ ಪುಡಿ. ಅದು ಅಮೋನಿಯಾ ಜೊತೆ ಸೇರಿದರೆ ಕ್ಲೋರಮೀನ್ ಎಂಬ ವಿಷಗಾಳಿ ಏಳುತ್ತದೆ, ಕಿಟಕಿ ಇಲ್ಲದ ಕೋಣೆಯಲ್ಲಿ ಅಪಾಯ. ಇನ್ನೊಂದು ಕರೀ ಫಿನಾಯಿಲ್. ಅದರಲ್ಲಿನ ಫೀನಾಲ್‌ಗಳನ್ನು ಬೆಕ್ಕಿನ ಯಕೃತ್ತು ಅರಗಿಸಲಾರದು. ಕಾಲಿಗೆ ಹತ್ತಿದ್ದನ್ನು ನೆಕ್ಕಿ ಬೆಕ್ಕು ಸಾಯಬಹುದು.

ಬೀಜದ ಚೀಲವಾದರೆ ನೆನೆದ ಬೀಜ ತೆಗೆದು ಬಿಸಾಕಿ. ಉಳಿದಿದ್ದನ್ನು ನೆರಳಲ್ಲಿ ಆರಿಸಿ, ಚೀಲ ಬದಲಿಸಿ, 100 ಬೀಜ ಹಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಎಣಿಸಿದ ಮೇಲೆಯೇ ಬಿತ್ತಿ.

ಬೆಕ್ಕು ಸಿಟ್ಟಿಗೆ ಹೊಯ್ಯುತ್ತದೆ ಅಂತ ಹಿರಿಯರು ಹೇಳುತ್ತಾರೆ. ಹಾಗೇನಿಲ್ಲ. ನಿಂತು, ಬಾಲ ಎತ್ತಿ ಗೋಡೆಗೆ ಚಿಮುಕಿಸಿದರೆ ಅದು ಗಂಡು ಬೆಕ್ಕು ಹದ್ದು ಗುರುತು ಮಾಡುವುದು. ಐದಾರು ತಿಂಗಳಿಗೆ ಬೀಜ ತೆಗೆಸಿದರೆ ಹೆಚ್ಚಿನವು ಈ ಚಟ ಕಲಿಯುವುದೇ ಇಲ್ಲ. ಕುಂತು ನೆಲದ ಮೇಲೆ ಹೊಯ್ದರೆ ಅದಕ್ಕೆ ಸರಿಯಾದ ಜಾಗ ಸಿಕ್ಕಿಲ್ಲ, ಇಲ್ಲಾ ಆರಾಮಿಲ್ಲ. ಗಂಡು ಬೆಕ್ಕು ಮತ್ತೆ ಮತ್ತೆ ಕುಂತು ತಿಣುಕಿ, ಒಂದೆರಡು ಹನಿಯಷ್ಟೇ ಬಂದರೆ ಅಥವಾ ಏನೂ ಬರದಿದ್ದರೆ ಮೂತ್ರನಾಳ ಕಟ್ಟಿದೆ ಅಂತ ತಿಳಿಯಿರಿ. ಒಂದೆರಡು ದಿನದಲ್ಲಿ ಸಾಯುತ್ತದೆ. ನಾಳೆ ನೋಡೋಣ ಅನ್ನದೆ ಅದೇ ದಿನ ಪಶು ವೈದ್ಯರ ಹತ್ತಿರ ಒಯ್ಯಿರಿ.

ಟ್ರೇಗೆ ದುಡ್ಡು ಸುರಿಯಬೇಕಿಲ್ಲ. ಹಳೇ ಪ್ಲಾಸ್ಟಿಕ್ ಬುಟ್ಟಿ, ಅದರಲ್ಲಿ ಮೂರು ಇಂಚು ಒಣ ಉಸುಕು ಅಥವಾ ಸಸಿ ಟ್ರೇಗೆ ತಂದ ಕೋಕೋಪೀಟ್ ಸಾಕು. ಅನ್ನ ಹಾಕುವ ಜಾಗದಿಂದ ದೂರ, ಓಡಾಟ ಇಲ್ಲದ ಮೂಲೆಯಲ್ಲಿ ಇಡಿ. ಎರಡು ಬೆಕ್ಕಿದ್ದರೆ ಮೂರು ಬುಟ್ಟಿ.

ಅದರ ಹೇಲನ್ನು ದಿನಾ ತೆಗೆಯಿರಿ. ಇದು ನಾತದ ಮಾತಷ್ಟೇ ಅಲ್ಲ. ಇಲಿ, ಹಕ್ಕಿ ತಿಂದ ಬೆಕ್ಕಿನ ಹೇಲಲ್ಲಿ ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿಯ ತತ್ತಿ ಇರಬಹುದು. ಹೊರಬಿದ್ದು ಒಂದರಿಂದ ಐದು ದಿನದೊಳಗೆ ಅದು ರೋಗ ಹರಡಲು ತಯಾರಾಗುತ್ತದೆ, ಹಸಿ ಮಣ್ಣಲ್ಲಿ ವರ್ಷದ ಮೇಲೂ ಉಳಿಯುತ್ತದೆ. ಬಸುರಿ ಹೆಣ್ಣುಮಕ್ಕಳು ಈ ಕೆಲಸ ಮಾಡಬಾರದು, ಹೊಟ್ಟೆಯ ಕೂಸಿಗೆ ತೊಂದರೆ. ಆಡು, ಕುರಿ ಮೇವಿನ ಜೊತೆ ತಿಂದರೆ ಕಂದು ಹಾಕುತ್ತವೆ. ಕಣಿಕಿ ಬಣವೆ, ಹಿಂಡಿ ಚೀಲ ಬೆಕ್ಕಿನ ಪಾಯಖಾನೆ ಆಗದಂತೆ ತಾಡಪತ್ರಿ ಬಿಗಿದು ಮುಚ್ಚಿ. ತೆಗೆದ ಹೇಲನ್ನು ಎರೆಗೊಬ್ಬರದ ತೊಟ್ಟಿಗೂ ಹಾಕಬೇಡಿ, ಅಲ್ಲಿ ಈ ತತ್ತಿ ಸಾಯುವಷ್ಟು ಕಾವು ಏಳುವುದಿಲ್ಲ. ಕಾಯಿಪಲ್ಲೆ ಮಡಿ, ಬಾವಿಯಿಂದ ದೂರ ಆಳವಾಗಿ ಹೂಳಿ.

ಉಳ್ಳಾಗಡ್ಡಿ, ಮೆಣಸಿನಕಾಯಿ ಸಸಿ ಮಡಿಯ ಸಡಿಲ ಮಣ್ಣು ಬೆಕ್ಕಿಗೆ ಸಿದ್ಧ ಟ್ರೇ ಇದ್ದಂಗೆ. ಬೀಜ ಹಾಕಿದ ದಿನವೇ ಮೇಲೆ ತಂತಿ ಜಾಳಿಗೆ ಹಾಸಿ ಅಂಚಿಗೆ ಕಲ್ಲಿಡಿ. ಸಸಿ ಬೆರಳುದ್ದ ಎದ್ದ ಮೇಲೆ ತೆಗೆಯಬಹುದು.